ಪಿಕಪ್ ಬಾಲ ಆಡಿಸುತ್ತಿದೆಯೇ? ಪಾಟಾ ಏರಿಸುವ ಮುಂಚೆ ಇಷ್ಟು ನೋಡಿ

ತೊಗರಿ ರಾಶಿ ಮುಗಿದು ಎಪಿಎಂಸಿ ಕಡೆಗೆ ಚೀಲಗಳ ಓಡಾಟ ಶುರುವಾಯಿತೆಂದರೆ ಕಲಬುರಗಿಯ ಕಮಾನ್ ಪಾಟಾ (ಆಕ್ಸಲಿನ ಬಳಿ ಭಾರ ಹೊರುವ, ಉಕ್ಕಿನ ಎಲೆಗಳನ್ನು ಜೋಡಿಸಿದ ಸ್ಪ್ರಿಂಗ್) ಅಂಗಡಿಗಳಿಗೂ ಸುಗ್ಗಿ. ‘ಹಿಂದಿಂದ ಗಾಡಿ ತೂಗ್ತದ್ರಿ, ಒಂದು ಪಾಟಾ ಏರಿಸ್ರಿ’ ಎಂದು ಚಾಲಕರು ಬರುತ್ತಾರೆ, ಮಿಸ್ತ್ರಿ ಒಂದು ಎಲೆ ಹೆಚ್ಚಿಗೆ ಸೇರಿಸಿ ಕಳಿಸುತ್ತಾರೆ. ನಾಲ್ಕು ದಿನ ಸರಿಹೋದಂತೆ ಅನಿಸಿ ಗಾಡಿ ಮತ್ತೆ ತೂಗತೊಡಗುತ್ತದೆ. ಗಾಳಿ ಇಳಿದ ಟೈರು, ಸವೆದ ಬುಶ್ (ಪಾಟಾದ ತುದಿಯಲ್ಲಿ ಕೂರುವ ರಬ್ಬರು), ಸಡಿಲಾದ ಯು-ಬೋಲ್ಟ್ (ಪಾಟಾವನ್ನು ಆಕ್ಸಲಿಗೆ ಬಿಗಿಯುವ ಬೋಲ್ಟು), ಎಣ್ಣೆ ಸೋರಿದ ಶಾಕ್ ಅಬ್ಸಾರ್ಬರ್, ಹಿಂದಕ್ಕೆ ಒಟ್ಟಿದ ಲೋಡು ಇವೆಲ್ಲ ಬೇರೆ ಬೇರೆ ರೋಗ. ಆದರೆ ಚಾಲಕನ ಸೀಟಿನಲ್ಲಿ ಕೂತವನಿಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಪಾಟಾ ಏರಿಸುವುದು ಇವುಗಳಲ್ಲಿ ಒಂದಕ್ಕೂ ಮದ್ದಲ್ಲ.

ದೂರು ಏನು, ಯಾವಾಗ?

ಗಾಡಿ ಯಾವಾಗ ಆಟ ಆಡುತ್ತದೆ ಎಂಬುದನ್ನು ಮೊದಲು ಗಮನಿಸಿ. ಖಾಲಿ ಇದ್ದಾಗಲೋ, ಲೋಡು ಇದ್ದಾಗಲೋ? ಬ್ರೇಕ್ ಒತ್ತಿದಾಗ ಮಾತ್ರವೋ? ಎಕ್ಸಲೇಟರ್ ಒತ್ತಿದರೆ ಒಂದು ಕಡೆಗೆ, ಬಿಟ್ಟರೆ ಇನ್ನೊಂದು ಕಡೆಗೆ ವಾಲುತ್ತದೆಯೋ? ಈ ಕೊನೆಯ ಲಕ್ಷಣ ಕಂಡರೆ ಅರ್ಧ ಕೆಲಸ ಮುಗಿದಂತೆ. ಹಿಂದಿನ ಹೌಸಿಂಗ್ (ಆಕ್ಸಲಿನ ಕವಚ) ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿಲ್ಲ, ಎಂಜಿನ್ನಿನ ಎಳೆತಕ್ಕೆ ಹಿಂದೆ ಮುಂದೆ ಸರಿಯುತ್ತಿದೆ ಎಂದು ಅರ್ಥ. ಹಾಗಲ್ಲದೆ ಸದಾ ಒಂದೇ ಕಡೆಗೆ ಎಳೆಯುತ್ತಿದ್ದರೆ ಮುಂದಿನ ಟೈರು, ಅಲೈನ್‌ಮೆಂಟ್, ಹಿಡಿದುಕೊಂಡ ಬ್ರೇಕುಗಳ ಕಡೆ ಮೊದಲು ನೋಡಬೇಕು. ಅರವತ್ತು ಎಪ್ಪತ್ತರ ವೇಗದಲ್ಲಿ ಮಾತ್ರ ಸಣ್ಣಗೆ ನಡುಗಿದರೆ ಅದು ವೀಲ್ ಬ್ಯಾಲೆನ್ಸ್ ಅಥವಾ ಎಂಜಿನ್ನಿನ ಎಳೆತವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮಾತು.

ರಸ್ತೆಯ ಪಾಲನ್ನೂ ಕಳೆಯಬೇಕು. ನಮ್ಮ ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ, ಅದರ ಮೇಲಿನ ಡಾಂಬರು ವರ್ಷ ಎರಡು ವರ್ಷದಲ್ಲಿ ಅಲೆ ಅಲೆಯಾಗುತ್ತದೆ. ಜೇವರ್ಗಿ, ಅಫಜಲಪುರ ಕಡೆಯ ಒಳರಸ್ತೆಗಳಲ್ಲಿ ಹೊಸ ಪಿಕಪ್ ಕೂಡ ತೊಟ್ಟಿಲಿನಂತೆ ತೂಗುತ್ತದೆ. ಅಂಥ ಕಡೆ ಓಡಿಸಿ ತೀರ್ಮಾನಕ್ಕೆ ಬರಬೇಡಿ.

ಲೋಡು ಮತ್ತು ಗಾಳಿ

ದಾಲ್ ಮಿಲ್ಲುಗಳ ದಯೆಯಿಂದ ಕಲಬುರಗಿ ಸುತ್ತ ತೂಕದ ಕಾಟಾಗಳಿಗೆ ಬರವಿಲ್ಲ. ಲೋಡು ತುಂಬಿದ ಗಾಡಿಯನ್ನು ಒಮ್ಮೆ ಪೂರ್ತಿ ತೂಗಿಸಿ, ಆಮೇಲೆ ಮುಂದಿನ ಗಾಲಿಗಳನ್ನಷ್ಟೇ ಕಾಟಾದ ಮೇಲೆ ನಿಲ್ಲಿಸಿ ತೂಗಿಸಿ. ಕಳೆದರೆ ಹಿಂದಿನ ಆಕ್ಸಲ್ ಮೇಲಿನ ಭಾರ ಸಿಗುತ್ತದೆ. ಒಟ್ಟು ತೂಕವನ್ನು ಆರ್‌ಸಿಯಲ್ಲಿ ಬರೆದ ತೂಕದ ಜೊತೆ ಹೋಲಿಸಿ. ಅದನ್ನು ಮೀರಿದ್ದರೆ ಗ್ಯಾರೇಜಿಗೆ ಹೋಗುವ ಮುಂಚೆ ಬಾಡಿಗೆಯ ಲೆಕ್ಕವನ್ನೇ ಮತ್ತೊಮ್ಮೆ ಹಾಕಬೇಕು. ಪಾಟಾ ಏರಿಸಿದರೆ ಆರ್‌ಸಿಯ ತೂಕ ಏರುವುದಿಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿರುವ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ಇದೆ.

ತೂಕ ಮಿತಿಯೊಳಗಿದ್ದರೂ ಅದು ಎಲ್ಲಿ ಕೂತಿದೆ ಎಂಬುದು ಮುಖ್ಯ. ಶಹಾಬಾದಿನ ಫರ್ಸಿ ಹೊರುವವರು ಇಳಿಸಲು ಸುಲಭವಾಗಲಿ ಎಂದು ಹಿಂದಿನ ಹಲಗೆಗೆ ಒತ್ತಿ ನಿಲ್ಲಿಸುತ್ತಾರೆ. ಭಾರವೆಲ್ಲ ಹಿಂದಿನ ಆಕ್ಸಲಿಗಿಂತ ಹಿಂದೆ ಬಿದ್ದು ಮುಂಭಾಗ ಹಗುರಾಗುತ್ತದೆ, ಸ್ಟೀರಿಂಗ್ ತೇಲುತ್ತದೆ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅದೇ ಕಲ್ಲನ್ನು ಕ್ಯಾಬಿನ್ ಕಡೆಗೆ ಸರಿಸಿ ಕಟ್ಟಿದರೆ ಅರ್ಧ ದೂರು ಹೋಗುತ್ತದೆ. ಹತ್ತಿಯದು ಇದಕ್ಕೆ ಉಲ್ಟಾ. ತೂಕ ಕಡಿಮೆ, ಎತ್ತರ ಜಾಸ್ತಿ. ಅಷ್ಟೆತ್ತರ ಒಟ್ಟಿದ ಗಾಡಿ ತಿರುವಿನಲ್ಲಿ ವಾಲಿದರೆ ಅದರಲ್ಲಿ ಪಾಟಾದ ತಪ್ಪೇನೂ ಇಲ್ಲ.

ಗಾಳಿಯನ್ನು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ, ಟೈರು ತಣ್ಣಗಿದ್ದಾಗ ನೋಡಿ. ಬಾಗಿಲ ಬಳಿಯ ಸ್ಟಿಕ್ಕರಿನಲ್ಲೋ ಮಾಲೀಕರ ಕೈಪಿಡಿಯಲ್ಲೋ ಬರೆದ ಅಂಕಿಯೇ ಪ್ರಮಾಣ, ಹಿಂದಿನ ಟೈರಿಗೆ ಲೋಡಿನ ಅಂಕಿ ಬೇರೆ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ಓಡಿ ಬಂದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಅದನ್ನು ಕಂಡು ಗಾಳಿ ಬಿಡಬೇಡಿ. ಹಿಂದಿನ ಎರಡು ಟೈರುಗಳಲ್ಲಿ ಒಂದು ಹೊಸದು, ಇನ್ನೊಂದು ರಿಸೋಲ್ (ಮೇಲೆ ಹೊಸ ರಬ್ಬರು ಕೂರಿಸಿದ ಹಳೆಯದು) ಇದ್ದರೂ ಗಾಡಿ ಬಾಲ ಆಡಿಸುತ್ತದೆ. ಟೈರಿನ ಮೇಲೆ ಅಂಗೈ ಸವರಿ ನೋಡಿ. ಅಲ್ಲಲ್ಲಿ ತಗ್ಗು ದಿಣ್ಣೆ ಹತ್ತಿದರೆ ಶಾಕ್ ಅಬ್ಸಾರ್ಬರ್ ಮೇಲೆ ಅನುಮಾನ ಇಟ್ಟುಕೊಳ್ಳಿ.

ಅಳತೆ

ಪೆಟ್ರೋಲ್ ಪಂಪಿನ ಕಾಂಕ್ರೀಟಿನಂಥ ಸಮತಟ್ಟು ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ. ಹಿಂದಿನ ಗಾಲಿಯ ನಡುವಿನಿಂದ ನೇರ ಮೇಲೆ ಬಾಡಿಯ ಅಂಚಿನವರೆಗೆ ಟೇಪು ಹಿಡಿದು ಎರಡೂ ಬದಿ ಅಳೆಯಿರಿ. ಗಾಡಿಯನ್ನು ಅದೇ ಜಾಗದಲ್ಲಿ ಉಲ್ಟಾ ತಿರುಗಿಸಿ ಮತ್ತೆ ಅಳೆಯಿರಿ, ನೆಲದ ಇಳಿಜಾರಿದ್ದರೆ ಗೊತ್ತಾಗುತ್ತದೆ. ಎರಡು ಸಲವೂ ಒಂದೇ ಬದಿ ಅರ್ಧ ಇಂಚಿಗಿಂತ ಹೆಚ್ಚು ಕೆಳಗಿದ್ದರೆ ಆ ಬದಿಯ ಪಾಟಾ ಸೋತಿರಬಹುದು ಅಥವಾ ಮುರಿದಿರಬಹುದು.

ಮುರಿದ ಪಾಟಾ ಕಣ್ಣಿಗೆ ಬೀಳುವಂತೆ ಮುರಿಯುವುದು ಕಡಿಮೆ. ಎಲೆಗಳನ್ನು ನಡುವೆ ಒಂದಾಗಿ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಬಳಿ ಅಥವಾ ಕ್ಲಿಪ್ಪಿನ ಅಡಿ ಬಿರುಕು ಅಡಗಿ ಕೂತಿರುತ್ತದೆ, ಅದರ ಮೇಲೆ ಕರಿಮಣ್ಣು ಗಾರೆಯಂತೆ ಗಟ್ಟಿಯಾಗಿರುತ್ತದೆ. ಮೊದಲು ನೀರು ಹೊಡೆಸಿ ತೊಳೆಯಿರಿ, ಒಣಗಿದ ಮೇಲೆ ಟಾರ್ಚ್ ಹಾಕಿ ನೋಡಿ. ಅಡ್ಡಕ್ಕೆ ಹೋದ ತುಕ್ಕಿನ ಸಣ್ಣ ಗೆರೆ, ಎಲೆಗಳ ನಡುವೆ ಹೊಸದಾಗಿ ಹೊಳೆಯುವ ಅಂಚು, ಪಕ್ಕಕ್ಕೆ ಸರಿದ ಎಲೆ ಇವು ಗುರುತು. ಯು-ಬೋಲ್ಟಿನ ಪ್ಲೇಟಿನ ಸುತ್ತ ಲೋಹ ತಿಕ್ಕಿ ಹೊಳೆಯುತ್ತಿದ್ದರೆ ಅಲ್ಲಿ ಅಲುಗಾಟ ಇದೆ. ಬೋಲ್ಟು ಸಡಿಲಾದರೆ ಪೆಟ್ಟೆಲ್ಲ ಒಳಗಿನ ಸೆಂಟರ್ ಬೋಲ್ಟಿಗೆ ಬೀಳುತ್ತದೆ, ಅದು ತುಂಡಾದರೆ ಹೌಸಿಂಗನ್ನು ಜಾಗದಲ್ಲಿ ಹಿಡಿಯುವವರಿಲ್ಲ. ಆಗಲೇ ಗಾಡಿ ಏಡಿಯ ಹಾಗೆ ಓರೆಯಾಗಿ ಓಡತೊಡಗುತ್ತದೆ.

ಓರೆ ಓಟ ಹಿಡಿಯಲು ಯಂತ್ರ ಬೇಡ. ಸ್ಟೀರಿಂಗ್ ನೆಟ್ಟಗಿಟ್ಟು, ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎರಡೂ ಬದಿ ಅಳೆಯಿರಿ. ಗೌಂಡಿಯವರ ತೂಗುಗುಂಡು ಇದ್ದರೆ ನಡುವನ್ನು ನೆಲಕ್ಕೆ ಇಳಿಸಿ ಸುಣ್ಣದ ಗುರುತು ಹಾಕಿಕೊಳ್ಳಬಹುದು. ಎರಡೂ ಬದಿಯ ಅಂತರ ಒಂದೇ ಇರಬೇಕು. ಮಳೆಗಾಲದಲ್ಲಿ ಇನ್ನೂ ಸುಲಭ: ನಿಂತ ನೀರು ದಾಟಿಸಿ ಒಣ ರಸ್ತೆಯಲ್ಲಿ ನೇರ ಓಡಿಸಿ, ಹಿಂದಿನ ಗಾಲಿಯ ಹಸಿ ಗುರುತು ಮುಂದಿನದಕ್ಕಿಂತ ಒಂದೇ ಕಡೆಗೆ ಜರುಗಿದೆಯೇ ನೋಡಿ.

ಬುಶ್, ಶ್ಯಾಕಲ್, ಶಾಕ್ ಅಬ್ಸಾರ್ಬರ್

ಬರೀ ಜ್ಯಾಕಿನ ನಂಬಿಕೆಯಲ್ಲಿ ಗಾಡಿಯ ಅಡಿಗೆ ಹೋಗಬೇಡಿ. ಹೊಲದ ಬದಿಯ ಕರಿಮಣ್ಣಿನಲ್ಲಿ ಜ್ಯಾಕ್ ಇಳಿಯುತ್ತದೆ, ಅದರ ಅಡಿಗೆ ಫರ್ಸಿ ತುಂಡು ಕೊಟ್ಟರೆ ಅದು ಒಡೆಯುತ್ತದೆ. ದಪ್ಪ ಕಟ್ಟಿಗೆಯ ಹಲಗೆ ಕೊಡಿ, ಮುಂದಿನ ಗಾಲಿಗೆ ಅಡ್ಡ ಕಲ್ಲಿಡಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆ ಒಳಗೆ ಹೋಗಿ.

ಪಾಟಾದ ಕಣ್ಣು (ತುದಿಯ ಸುರುಳಿ) ಮತ್ತು ಅದನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ನಡುವೆ ಟಾಮಿ (ಕಬ್ಬಿಣದ ಸರಳು) ಕೊಟ್ಟು ಮೀಟಿ. ರಬ್ಬರು ಸ್ವಲ್ಪ ಮಣಿದು ವಾಪಸ್ ಬರಬೇಕು. ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಬಂದರೆ ಬುಶ್ ಮುಗಿದಿದೆ. ಕ್ಲಚ್ ಬಿಟ್ಟಾಗ ಹಿಂದೆ ‘ಟಕ್’ ಅನ್ನುವುದಕ್ಕೂ ಇದೇ ಕಾರಣ ಇರಬಹುದು, ಆದರೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದರೂ ಅದೇ ಸದ್ದು. ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ ನೋಡಿ ಬೇರೆ ಮಾಡಿಕೊಳ್ಳಿ. ಬೇರಿಂಗಿಗೆ ಹಿಂದಿನ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಸಾಕು.

ಕಿರ್‌ಗುಟ್ಟುವ ಪಾಟಾಕ್ಕೆ ಹಳೆ ಎಂಜಿನ್ ಆಯಿಲ್ ಹೊಡೆಸುವ ರೂಢಿ ನಮ್ಮ ಕಡೆ ಬಹಳ. ಸದ್ದೇನೋ ನಿಲ್ಲುತ್ತದೆ, ಆದರೆ ಆ ಎಣ್ಣೆ ಕುಡಿದ ರಬ್ಬರ್ ಬುಶ್ ಉಬ್ಬಿ ಮೆತ್ತಗಾಗಿ ಬೇಗ ಹೋಗುತ್ತದೆ. ಗ್ರೀಸ್ ನಿಪ್ಪಲ್ ಇರುವ ಪಿನ್ನಿಗೆ ಗ್ರೀಸ್ ಹೊಡೆಸಿ, ರಬ್ಬರಿಗೆ ಏನನ್ನೂ ಮುಟ್ಟಿಸಬೇಡಿ.

ಶಾಕ್ ಅಬ್ಸಾರ್ಬರ್ ನೋಡಲು ಹಿಂದಿನ ಬಂಪರಿನ ಮೇಲೆ ಕುಣಿಯುವ ಪದ್ಧತಿ ಕಾರಿಗೆ ಸರಿ, ಖಾಲಿ ಪಿಕಪ್ಪಿಗೆ ಅಲ್ಲ. ಪಾಟಾ ಎಷ್ಟು ಬಿಗಿ ಎಂದರೆ ಇಬ್ಬರು ಕುಣಿದರೂ ಗಾಡಿ ಜಗ್ಗುವುದಿಲ್ಲ. ಜೊತೆಗೆ ಎಲೆಗಳ ತಿಕ್ಕಾಟವೇ ಕುಣಿತವನ್ನು ತಡೆಯುವುದರಿಂದ ಸತ್ತ ಶಾಕೂ ಬದುಕಿದಂತೆ ಕಾಣುತ್ತದೆ. ಅದಕ್ಕಿಂತ ಕೆಟ್ಟ ರಸ್ತೆಯಲ್ಲಿ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿ, ಎರಡೂ ಬದಿಯ ಶಾಕನ್ನು ಜೋಪಾನವಾಗಿ ಮುಟ್ಟಿ. ದುಡಿದದ್ದು ಬಿಸಿಯಾಗಿರುತ್ತದೆ. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ತಣ್ಣಗಿರುವುದು ಸುಮ್ಮನೆ ಜೋತು ಬಿದ್ದಿದೆ. ಮೈಮೇಲೆ ಎಣ್ಣೆ ಇಳಿದು ಧೂಳು ಹತ್ತಿದ್ದರೂ ಅದೇ ತೀರ್ಪು. ಬದಲಿಸುವಾಗ ಜೋಡಿಯಾಗಿ ಬದಲಿಸಿ.

ರಸ್ತೆಗೆ

ಇಷ್ಟಾದ ಮೇಲೆ ಬೆಳಗಿನ ಜಾವ ರಿಂಗ್ ರೋಡಿನ ಖಾಲಿ ಜಾಗದಲ್ಲಿ 40ರ ವೇಗದಲ್ಲಿ ಓಡಿಸಿ, ಸ್ಟೀರಿಂಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸಿ. ಒಬ್ಬರು ಬೈಕಿನಲ್ಲಿ ದೂರದಿಂದ ಹಿಂಬಾಲಿಸಲಿ. ಹಿಂಭಾಗ ಓರೆ ಹೋಗುವುದು, ಒಂದು ಬದಿ ಮಾತ್ರ ಕುಣಿಯುವುದು ಒಳಗೆ ಕೂತವರಿಗಿಂತ ಅವರಿಗೇ ಚೆನ್ನಾಗಿ ಕಾಣುತ್ತದೆ. ಖಾಲಿ ಒಮ್ಮೆ, ಮಿತಿಯೊಳಗಿನ ಲೋಡಿನಲ್ಲಿ ಒಮ್ಮೆ ನೋಡಿದರೆ ಒಳ್ಳೆಯದು. ಲೋಡಿನಲ್ಲಿ ಹಿಂದಿನ ಪಾಟಾ ಪೂರ್ತಿ ಚಪ್ಪಟೆಯಾಗಿ ಉಲ್ಟಾ ಬಾಗಿದರೆ, ಸಣ್ಣ ಗುಂಡಿಗೂ ಬಂಪ್ ಸ್ಟಾಪ್ (ಆಕ್ಸಲ್ ಚಾಸಿಗೆ ಬಡಿಯದಂತೆ ಇಟ್ಟ ರಬ್ಬರು) ಬಡಿದರೆ, ಆಗ ಪಾಟಾ ಸೋತಿದೆ ಎನ್ನಬಹುದು.

ಸೋತಿದ್ದರೆ ಎರಡೂ ಬದಿ ಒಟ್ಟಿಗೆ ಕಂಪನಿ ಅಳತೆಯ ಸೆಟ್ ಹಾಕಿಸಿ. ಬೆಂಕಿಗೆ ಕಾಯಿಸಿ ಸುತ್ತಿಗೆಯಿಂದ ಬಗ್ಗಿಸಿದ ಪಾಟಾ ಸರಿಯಾಗಿ ಹದ ಮಾಡದಿದ್ದರೆ ಬೇಗ ಕೂರುತ್ತದೆ. ವೆಲ್ಡಿಂಗ್ ಮಾಡಿದ ಪಾಟಾವನ್ನಂತೂ ಗಾಡಿಗೆ ಸೇರಿಸಬೇಡಿ, ವೆಲ್ಡಿನ ಪಕ್ಕದಲ್ಲೇ ಅದು ಮತ್ತೆ ಮುರಿಯುತ್ತದೆ. ಎಲೆ ಏರಿಸುವ ಮಾತು ಬಂದರೆ ಇನ್ನೊಂದು ಕೇಳಿ: ಗಾಡಿಗೆ ಹಿಂದಿನ ಬ್ರೇಕಿನ ಲೋಡ್ ವಾಲ್ವ್ ಇದೆಯೇ? ಕೆಲವು ಪಿಕಪ್ಪುಗಳಲ್ಲಿ ಚಾಸಿಯಿಂದ ಹೌಸಿಂಗಿಗೆ ಒಂದು ಸಣ್ಣ ಕಡ್ಡಿ ಇರುತ್ತದೆ. ಹಿಂಭಾಗ ಎಷ್ಟು ಕೂತಿದೆ ಎಂಬುದರ ಮೇಲೆ ಅದು ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಪಾಟಾ ಏರಿಸಿದರೆ ಲೋಡಿನಲ್ಲೂ ಗಾಡಿ ಎತ್ತರವಾಗಿಯೇ ನಿಲ್ಲುತ್ತದೆ. ವಾಲ್ವ್ ಅದನ್ನು ಖಾಲಿ ಗಾಡಿ ಎಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಹೆಚ್ಚು ಹೊರಲೆಂದು ಮಾಡಿದ ಕೆಲಸದಿಂದ ಗಾಡಿ ನಿಲ್ಲುವ ಶಕ್ತಿಯೇ ಕಡಿಮೆಯಾದಂತಾಯಿತು.

ಪಾಟಾ ಬಿಚ್ಚಿದ ಕೆಲಸವಾದರೆ ಯು-ಬೋಲ್ಟು ಹೊಸವೇ ಇರಲಿ, ಒಮ್ಮೆ ಎಳೆದು ಉದ್ದವಾದವು ಎರಡನೇ ಸಲ ಬಿಗಿ ಹಿಡಿಯುವುದಿಲ್ಲ. ಪಾನಾಕ್ಕೆ ಪೈಪು ಸೇರಿಸಿ ಜಗ್ಗುವ ಬದಲು ಟಾರ್ಕ್ ಪಾನಾದಿಂದ, ಕೈಪಿಡಿಯ ಅಂಕಿಗೆ, ಎದುರುಬದುರು ಸರದಿಯಲ್ಲಿ ಬಿಗಿಸಬೇಕು. ಹೊಸ ಪಾಟಾ ಕೂತುಕೊಳ್ಳುತ್ತಾ ಬಂದಂತೆ ಬೋಲ್ಟು ಸಡಿಲಾಗುತ್ತದೆ. ಹಾಗಾಗಿ 500 ಕಿಲೋಮೀಟರ್ ಓಡಿದ ಮೇಲೆ ಅದೇ ಗ್ಯಾರೇಜಿಗೆ ಹೋಗಿ ಮತ್ತೊಮ್ಮೆ ಬಿಗಿಸಿಕೊಳ್ಳಿ, ಇದಕ್ಕೆ ಬೇರೆ ಮಜೂರಿ ಇಲ್ಲ ಎಂಬುದನ್ನು ಗಾಡಿ ಬಿಡುವಾಗಲೇ ಮಿಸ್ತ್ರಿ ಜೊತೆ ಮಾತಾಡಿಕೊಂಡಿರಿ.