ಸನ್ನತಿ ನೋಡಬೇಕಾ? ತಾಳಗುಂದದಿಂದ ಶುರು ಮಾಡಿ

ಸನ್ನತಿಯ ಬೌದ್ಧ ಸ್ತೂಪ ಇರುವುದು ದೂರದ ಕಲಬುರಗಿ ಜಿಲ್ಲೆಯಲ್ಲಿ. ಆದರೂ ಶಿವಮೊಗ್ಗ ಕಡೆಯವರು ಕೇಳಿದರೆ ನಾನು ಹೇಳುವುದು ಒಂದೇ, ಮೊದಲು ಒಂದು ಭಾನುವಾರ ಶಿರಾಳಕೊಪ್ಪದ ಹತ್ತಿರದ ತಾಳಗುಂದಕ್ಕೆ ಹೋಗಿ ಬನ್ನಿ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದಲ್ಲಿ ಕದಂಬರ ಕಥೆ ಇದೆ, ಅದು ಗೊತ್ತಿರುವುದೇ. ಈ ಗುಡಿಯಲ್ಲಿ ಹಿಂದೆ ಸಾತಕರ್ಣಿ ಮೊದಲಾದ ರಾಜರು ಪೂಜೆ ಮಾಡಿದ್ದರು ಅಂತಲೂ ಅದರಲ್ಲಿದೆ. ಆ ಹೆಸರು ನೆನಪಿರಲಿ.

ಸನ್ನತಿಗೆ ಹೋಗಲು ಡಿಸೆಂಬರ್, ಜನವರಿ ಒಳ್ಳೆಯದು. ಮಳೆಗೆ ಒಗ್ಗಿದ ನಮ್ಮ ಮೈ ಅಲ್ಲಿಯ ಬೇಸಿಗೆ ತಡೆಯುವುದಿಲ್ಲ. ಕಲಬುರಗಿ ಅಥವಾ ಯಾದಗಿರಿ ಸೇರಿ, ಅಲ್ಲಿಂದ ಕಾರು ಮಾಡಿಕೊಳ್ಳಿ. ನೀರು, ಟೋಪಿ, ಬುತ್ತಿ ಜೊತೆಗಿರಲಿ.

ಬೆಳಿಗ್ಗೆಯೇ ಕನಗನಹಳ್ಳಿಗೆ ಹೋಗಿ, ಸನ್ನತಿಯಿಂದ ಸುಮಾರು 3 ಕಿ.ಮೀ. ಸ್ತೂಪ ಇರುವುದು ಇಲ್ಲಿ. ಸಾಂಚಿಯ ಹಾಗೆ ದೊಡ್ಡ ಗುಮ್ಮಟ ಕಾಣುತ್ತದೆ ಅಂದುಕೊಳ್ಳಬೇಡಿ, ಅದು ಎಂದೋ ಕುಸಿದಿದೆ. 1990ರ ದಶಕದಲ್ಲಿ ಅಗೆದಾಗ ಸಿಕ್ಕಿದ್ದು ಅದರ ಬುಡ ಮತ್ತು ಸುತ್ತ ಹೊದಿಸಿದ್ದ ಸುಣ್ಣಕಲ್ಲಿನ ಚಪ್ಪಡಿಗಳು. ಅಲ್ಲಿಯ ಶಾಸನಗಳಲ್ಲಿ ಇದರ ಹೆಸರು ಅಧೋಲೋಕ ಮಹಾಚೈತ್ಯ.

ಸುಮ್ನೆ ಒಂದು ಸುತ್ತು ಹೊಡೆದು ವಾಪಸ್ ಬರಬೇಡಿ. ಅಶೋಕನ ಚಪ್ಪಡಿ ಯಾವುದು ಅಂತ ಸಿಬ್ಬಂದಿಯನ್ನು ಕೇಳಿ. ರಾಜ, ಪಕ್ಕದಲ್ಲಿ ರಾಣಿ, ಹಿಂದೆ ಒಬ್ಬಳ ಕೈಯಲ್ಲಿ ಕೊಡೆ, ಇನ್ನೊಬ್ಬಳ ಕೈಯಲ್ಲಿ ಚಾಮರ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಅಂತ ಕೊರೆದಿದೆ. ಓರೆ ಬಿಸಿಲು ಬಿದ್ದಾಗ ಕೊರೆದ ಗೆರೆಯೊಳಗೆ ನೆರಳು ಕೂರುತ್ತದೆ, ಅಕ್ಷರ ಚೆನ್ನಾಗಿ ಕಾಣುತ್ತದೆ, ಬೆಳಿಗ್ಗೆ ಹೋಗಿ ಅಂದದ್ದು ಅದಕ್ಕೇ. ಅಕ್ಷರ ಕಾಣಲಿ ಅಂತ ನೀರು ಹಚ್ಚುವುದು, ಬೆರಳಿಂದ ಉಜ್ಜುವುದು ದಯವಿಟ್ಟು ಬೇಡ. ಇಲ್ಲಿಯ ಚಪ್ಪಡಿಗಳಲ್ಲಿ ಶಾತವಾಹನ ರಾಜರೂ ಇದ್ದಾರೆ, ಅವರಲ್ಲಿ ಒಬ್ಬನ ಹೆಸರು ‘ಸಾತಕಣಿ’. ತಾಳಗುಂದದ ಕಂಬದಲ್ಲಿ ನೋಡಿದ್ದ ಹೆಸರೇ ಅಲ್ವಾ! ನಮ್ಮ ಮಲೆನಾಡಿಗೂ ಈ ಬಯಲುಸೀಮೆಗೂ ಇದ್ದ ನಂಟು ಇಲ್ಲಿ ಕಣ್ಣಿಗೇ ಕಾಣುತ್ತದೆ.

ಆಮೇಲೆ ಸನ್ನತಿಯಲ್ಲಿ ಭೀಮಾ ನದಿ ದಡದ ಚಂದ್ರಲಾಂಬ ದೇವಸ್ಥಾನ. ಎಷ್ಟೋ ಮನೆತನಗಳಿಗೆ ಇವಳೇ ಕುಲದೇವತೆ, ಜನ ಜಾಸ್ತಿ ಇರಬಹುದು, ನಿಧಾನವಾಗಿ ದರ್ಶನ ಮಾಡಿ. 1986ರಲ್ಲಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲೇ ಅಶೋಕನ ಶಾಸನ ಸಿಕ್ಕಿತು. ಎರಡೂ ಕಡೆ ಬರಹ. ಮೂರ್ತಿ ಕೂರಿಸಲೆಂದು ನಡುವೆ ಚೌಕವಾಗಿ ಕೊರೆದಿದ್ದಾರೆ, ಅಷ್ಟು ಅಕ್ಷರ ಹೋಗಿವೆ. ಆ ತೂತು ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಪೀಠವಾಗಿ ಗುಡಿಯೊಳಗೆ ಇದ್ದದ್ದರಿಂದಲೇ ಉಳಿದ ಅಕ್ಷರ ನಮಗೆ ಸಿಕ್ಕಿತು ಅಂತ ನನಗನ್ನಿಸುತ್ತದೆ.