ಸ್ಟಾರ್ ಅಲ್ಲ, ಹರವು ನೋಡಿ: ಎಫ್‌ಎಂನಲ್ಲಿ ಹುಡುಗರನ್ನು ಬೆಳೆಸಿ ಮಾರಿದ ನನ್ನ ಅನುಭವ

ಎಫ್‌ಎಂ ಅಂದರೆ ಫುಟ್‌ಬಾಲ್ ಮ್ಯಾನೇಜರ್, ಕ್ಲಬ್ ನಡೆಸುವ ಕಂಪ್ಯೂಟರ್ ಆಟ. ಪೋರ್ಚುಗಲ್‌ನ ಎರಡನೇ ಲೀಗ್‌ನಲ್ಲಿ 18 ತಂಡ, 34 ಪಂದ್ಯ. ಅಲ್ಲಿನ ಒಂದು ಬಡ ಕ್ಲಬ್ ಹಿಡಿದೆ. ಹೆಸರಾದ ವಂಡರ್‌ಕಿಡ್ (ಮುಂದೆ ದೊಡ್ಡ ಆಟಗಾರನಾಗುತ್ತಾನೆಂದು ಎಲ್ಲರೂ ನಂಬಿದ ಹುಡುಗ) ಒಬ್ಬನನ್ನೂ ಕೊಳ್ಳಲಿಲ್ಲ. ಆರು ಸೀಸನ್ನಿನಲ್ಲಿ ಆಟಗಾರರ ವ್ಯಾಪಾರದಲ್ಲೇ ಸುಮಾರು 4 ಕೋಟಿ ಪೌಂಡ್ ನಿವ್ವಳ ಉಳಿಯಿತು. ‘ಐದು ಸ್ಟಾರ್ ಇಲ್ಲದ ಹುಡುಗನಿಗೆ ದುಡ್ಡು ಹಾಕೋದೂ ಒಂದೇ, ಬಾಯ್ನಾ ಬೀಚಿಗೆ ಹೋಗಿ ಸಮುದ್ರಕ್ಕೆ ಎಸೆಯೋದೂ ಒಂದೇ’ ಅಂತಿದ್ದ ನಮ್ಮ ಗೋವಾದ ವಾಸ್ಕೋ–ಮಡಗಾಂವ್ ಎಫ್‌ಎಂ ಗುಂಪಿನವರೇ ಈಗ ಶಾರ್ಟ್‌ಲಿಸ್ಟ್ ಕೇಳುತ್ತಿದ್ದಾರೆ. ಲಿಸ್ಟ್ ಕೊಡಲ್ಲ, ಕ್ಲಬ್ಬಿನ ಹೆಸರೂ ಹೇಳಲ್ಲ. ವಿಧಾನ ಮಾತ್ರ ಬರೆಯುತ್ತೇನೆ. ಮಾಡಿದ್ದು ಎಫ್‌ಎಂ24ರಲ್ಲಿ. ಅಂಕಿಗಳೆಲ್ಲ ನೆನಪಿನವು, ಹತ್ತಿಪ್ಪತ್ತು ಆಚೀಚೆ ಇದ್ದೀತು.

ಎಲ್ಲರ ಬಾಯಲ್ಲೂ ಪಿಎ, ಪಿಎ. ಅಂದರೆ ಪೊಟೆನ್ಷಿಯಲ್ ಎಬಿಲಿಟಿ, ಹುಡುಗ ಏರಬಹುದಾದ ಗರಿಷ್ಠ ಮಟ್ಟದ ಅಂಕಿ. ಆದರೆ ಪಿಎ ಹಂಡೆಯ ಅಳತೆ ಮಾತ್ರ, ನೀರೆಷ್ಟು ತುಂಬುತ್ತದೆ ಅನ್ನುವುದು ಬೇರೆಯೇ ಲೆಕ್ಕ. ಡೇಟಾಬೇಸಿನಲ್ಲಿ ಪಿಎ -9 ಇದ್ದವನಿಗೆ ಸೇವ್ (ಹೊಸ ಆಟ) ಶುರುವಾಗುವಾಗ 150ರಿಂದ 180ರೊಳಗೆ ಯಾವುದೋ ಒಂದು ಅಂಕಿ ಬೀಳುತ್ತದೆ, -85 ಇದ್ದವನಿಗೆ 140ರಿಂದ 170ರೊಳಗೆ. ಬಿದ್ದ ಮೇಲೆ ಅದು ಅಲುಗುವುದಿಲ್ಲ. ಹಾಗಾಗಿ ‘ನನ್ನ ಸೇವ್‌ನಲ್ಲಿ ಇವನು ಭಾರಿ ಬೆಳೆದ’ ಎಂದು ಇನ್ನೊಬ್ಬರು ಹೇಳಿದರೆ ಅರ್ಧಕ್ಕರ್ಧ ಅದು ಅವರ ಲಾಟರಿಯ ಸುದ್ದಿ. ನಿಮ್ಮ ಸೇವ್‌ಗೆ ಅದರಿಂದ ಏನೂ ಗೊತ್ತಾಗದು. ಇನ್ನು ಹುಡುಗನ ಸಾಮರ್ಥ್ಯ ಎಂದು ತೆರೆಯ ಮೇಲೆ ಕಾಣುವ ಸ್ಟಾರ್ ನಿಮ್ಮದೇ ತಂಡಕ್ಕೆ ಹೋಲಿಸಿ ಕೊಟ್ಟಿದ್ದು, ಅದೂ ವರದಿ ಬರೆದ ಸಿಬ್ಬಂದಿಯ ಕಣ್ಣಿನಷ್ಟೇ ನಿಖರ. ತಂಡ ಸುಧಾರಿಸಿದರೆ ಹುಡುಗ ಕೆಡದೆಯೇ ಅವನ ಸ್ಟಾರ್ ಇಳಿಯುತ್ತದೆ. ಇದನ್ನೇ ‘ಬೆಳವಣಿಗೆ ನಿಂತಿತು’ ಅಂದುಕೊಂಡು ಒಬ್ಬ ಲೆಫ್ಟ್‌ಬ್ಯಾಕನ್ನು 2 ಲಕ್ಷಕ್ಕೆ ಕೊಟ್ಟುಬಿಟ್ಟೆ. ಎರಡು ವರ್ಷದ ಮೇಲೆ ಅವನ ಬೆಲೆ 60 ಲಕ್ಷ.

ನಾನು ಹುಡುಕಿದ್ದು ಹರವನ್ನು. ಒಂದೇ ತರಹದ ಹತ್ತು ಹುಡುಗರನ್ನು ಬಿಟ್ಟರೆ ಮೂರು ವರ್ಷದಲ್ಲಿ ಎಷ್ಟು ಮೇಲೆ, ಎಷ್ಟು ಕೆಳಗೆ ಚದುರುತ್ತಾರೆ? ಅಂಥ ಹುಡುಗರನ್ನು ಮಾಡಲು ಪ್ರೀ-ಗೇಮ್ ಎಡಿಟರ್ (ಆಟ ಶುರುವಾಗುವ ಮೊದಲು ಡೇಟಾ ತಿದ್ದುವ ಸಾಧನ) ಸಾಕು, ಅದು ಪುಕ್ಕಟೆ. ಆಟದೊಳಗಿನ ಎಡಿಟರಿಗೆ ಮಾತ್ರ ಬೇರೆ ದುಡ್ಡು ಕೊಡಬೇಕು. ಕೊನೆಯಲ್ಲಿ ಸಿಎ, ಅಂದರೆ ಹುಡುಗನ ಆಗಿನ ಮಟ್ಟದ ಅಂಕಿ, ಓದಲು ನಾನು ಬಳಸಿದ್ದು ಅದನ್ನೇ.

ಇಪ್ಪತ್ತು ಜನ ಸೆಂಟ್ರಲ್ ಮಿಡ್‌ಫೀಲ್ಡರ್‌ಗಳನ್ನು ಮಾಡಿದೆ. ವಯಸ್ಸು 17, ಸಿಎ 80, ಪಿಎ ನೇರವಾಗಿ 150. ಇಲ್ಲಿ ಮೈನಸ್ ಅಂಕಿ ಹಾಕಬೇಡಿ, ಹಾಕಿದರೆ ಲಾಟರಿಯ ಮೇಲೆ ಲಾಟರಿ. ಹತ್ತು ಜನಕ್ಕೆ ಪ್ರೊಫೆಷನಲಿಸಂ (ಶಿಸ್ತು) 17, ಹತ್ತು ಜನಕ್ಕೆ 6. ಡಿಟರ್ಮಿನೇಷನ್ ಮತ್ತು ಆಂಬಿಷನ್ ಎಲ್ಲರಿಗೂ 12, ಇಂಜುರಿ ಪ್ರೋನ್‌ನೆಸ್ (ಗಾಯವಾಗುವ ಸಾಧ್ಯತೆ) 8, ಎಡಗಾಲು ಬಲಗಾಲು ಒಂದೇ ಸಮ.

ಮೊದಲ ಪ್ರಯೋಗ ಪೂರ್ತಿ ಕೆಟ್ಟಿತು. ಎತ್ತರ, ಸ್ಟ್ಯಾಮಿನಾ, ಉಳಿದ ಗುಟ್ಟಿನ ಗುಣಗಳನ್ನು ಸೊನ್ನೆ ಬಿಟ್ಟಿದ್ದೆ. ಸೊನ್ನೆ ಎಂದರೆ ‘ಇಲ್ಲ’ ಅಂತಲ್ಲ, ‘ನೀನೇ ತುಂಬಿಕೋ’ ಅಂತ. ಆಟ ಅಲ್ಲಿಗೆ ತನಗೆ ತೋಚಿದ್ದನ್ನು ತುಂಬಿತು. ಅವಳಿಗಳು ಅವಳಿಗಳಾಗಿ ಉಳಿಯಲಿಲ್ಲ.

ಎರಡನೇ ಪ್ರಯೋಗ ಬೇರೆ ಕಾರಣಕ್ಕೆ ಕೆಟ್ಟಿತು. ಇಪ್ಪತ್ತೂ ಜನರನ್ನು ಒಂದೇ ಕ್ಲಬ್ಬಿಗೆ ಹಾಕಿ ಹಾಲಿಡೇ ಮೋಡ್ (ಆಟ ತನ್ನಷ್ಟಕ್ಕೆ ಓಡುವ ಗುಂಡಿ) ಒತ್ತಿದೆ. ಅಸಿಸ್ಟೆಂಟ್ ಮ್ಯಾನೇಜರ್ ಮೂರು ಜನರನ್ನೇ ಹಿಡಿದುಕೊಂಡು ಆಡಿಸಿದ, ಉಳಿದ ಹದಿನೇಳು ಜನ ಬೆಂಚ್ ಕಾಯ್ದರು. ಬಂದ ಅಂಕಿಯಲ್ಲಿ ಕಂಡದ್ದು ಪಂದ್ಯದ ನಿಮಿಷಗಳು, ಪ್ರೊಫೆಷನಲಿಸಂ ಅಲ್ಲ. ಸರಿಯಾದ ದಾರಿ ಏನೆಂದರೆ ಹತ್ತು ಕ್ಲಬ್, ಒಂದೊಂದಕ್ಕೆ ಒಂದು ಜೋಡಿ: ಶಿಸ್ತಿನವನೊಬ್ಬ, ಉಡಾಫೆಯವನೊಬ್ಬ. ಹತ್ತೂ ಕ್ಲಬ್ಬಿನ ಟ್ರೈನಿಂಗ್ ಸೌಲಭ್ಯ ಎಡಿಟರಿನಲ್ಲಿ ಒಂದೇ ಮಟ್ಟಕ್ಕೆ ತನ್ನಿ. ಆ ಲೀಗನ್ನು ಪ್ಲೇಯಬಲ್ (ಪೂರ್ತಿ ವಿವರದಲ್ಲಿ ನಡೆಯುವಂತೆ) ಆಗಿಯೇ ಲೋಡ್ ಮಾಡಿ. ಕರಾರು ನಾಲ್ಕು ವರ್ಷಕ್ಕಿಡಿ, ಇಲ್ಲದಿದ್ದರೆ ನಡುವೆ ಹಾರಿಹೋಗುತ್ತಾರೆ. ಅಷ್ಟಾದರೂ ಪ್ರತಿ ಸಲ ನಾಲ್ಕೈದು ಜನ ಮಾರಾಟವಾದರು, ಅವರನ್ನು ಲೆಕ್ಕದಿಂದ ತೆಗೆದೆ.

ಇದನ್ನು ಐದು ಸಲ ಓಡಿಸಿದೆ. ಮೂರು ಸೀಸನ್ನಿಗೆ ಒಂದು ರಾತ್ರಿ ಪೂರ್ತಿ ಬೇಕಾಗುತ್ತಿತ್ತು, 8 ಜಿಬಿ ಮೆಮೊರಿ ಇದ್ದ ಲ್ಯಾಪ್‌ಟಾಪಿಗೆ ಇನ್ನೊಂದು 8 ಹಾಕಿದ ಮೇಲೆ ಅರ್ಧ ರಾತ್ರಿ. ನಮ್ಮ ಕಡೆ ಮಳೆಗಾಲದಲ್ಲಿ ಇದನ್ನು ಮಾಡುವವರು ಒಂದು ಮಾತು ನೆನಪಿಡಿ: ಸೇವ್ ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲ್ ಸತ್ತಂತೆ. ಬ್ಯಾಟರಿ ಸೋತ ಲ್ಯಾಪ್‌ಟಾಪಾದರೆ ರೋಲಿಂಗ್ ಸೇವ್ (ಸರದಿಯಲ್ಲಿ ಉಳಿಸಿಕೊಳ್ಳುವ ಪ್ರತಿ) ಮೂರಾದರೂ ಇರಲಿ.

ಶಿಸ್ತಿನ ಗುಂಪಿನಲ್ಲಿ 20ನೇ ವಯಸ್ಸಿಗೆ ಮೇಲಿನವನ ಸಿಎ 124ರ ಹತ್ತಿರ, ಕೆಳಗಿನವನದು 98. ಉಡಾಫೆ ಗುಂಪಿನಲ್ಲಿ ಮೇಲಿನವನು 119, ಕೆಳಗಿನವನು 83. ಮೇಲಿನ ತುದಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕೆಳಗಿನ ತುದಿ ಮಾತ್ರ ಪಾತಾಳ. ನಮ್ಮ ಗುಂಪಿನ ವಾದವೆಲ್ಲ ಮುಗಿದದ್ದು ಇಲ್ಲಿ. ಪ್ರೊಫೆಷನಲಿಸಂ ಇದ್ದರೆ ಹುಡುಗ ಆಕಾಶಕ್ಕೇರುತ್ತಾನೆ ಅಂತಲ್ಲ, ಅವನ ಮೇಲೆ ಹಾಕಿದ ದುಡ್ಡು ಮುಳುಗುವುದಿಲ್ಲ. ಹಣ ಕಡಿಮೆ ಇರುವ ಕ್ಲಬ್ಬಿಗೆ ಬೇಕಾದದ್ದು ಇದೇ.

ಗುಣ ಓದುವುದು ಹೇಗೆ ಎಂದರೆ ಪರ್ಸನಾಲಿಟಿ ಪದ ನೋಡಬೇಕು. ‘ಮಾಡೆಲ್ ಸಿಟಿಜನ್’, ‘ಪ್ರೊಫೆಷನಲ್’, ‘ರೆಸಲ್ಯೂಟ್’ ಕಂಡರೆ ಕಣ್ಣು ಮುಚ್ಚಿ ಕೊಳ್ಳಬಹುದು, ಆದರೆ ಬೆಲೆ ಆಗಲೇ ಏರಿರುತ್ತದೆ. ಲಾಭ ಇರುವುದು ‘ಬ್ಯಾಲೆನ್ಸ್ಡ್’ ಎಂಬ ಗೋಣಿಚೀಲದಲ್ಲಿ. ಅದರಲ್ಲಿ ಒಳ್ಳೆಯವರೂ ಇದ್ದಾರೆ, ಅಡ್ಡಾದಿಡ್ಡಿಗಳೂ ಇದ್ದಾರೆ. ಅದರ ಪಕ್ಕದಲ್ಲಿ ಮೀಡಿಯಾ ಹ್ಯಾಂಡ್ಲಿಂಗ್ (ಪತ್ರಕರ್ತರ ಜೊತೆ ನಡೆದುಕೊಳ್ಳುವ ರೀತಿ) ಅನ್ನುವ ಸಾಲೊಂದಿದೆ. ಎರಡನ್ನೂ ಕೂಡಿಸಿ ಓದಿದರೆ ಗೋಣಿಯೊಳಗಿನ ಕಾಳು ಕಾಣುತ್ತದೆ. ಯಾವ ಪದಕ್ಕೆ ಯಾವ ಪದ ಜೋಡಿ ಎಂಬುದನ್ನು ನೀವೇ ಕಂಡುಕೊಳ್ಳಿ. ಗುಂಪಿನ ಲೀಗ್ ಇನ್ನೂ ನಡೆದಿದೆ, ತಲೆಗೆ 500 ರೂಪಾಯಿ ಪಣ ಇದೆ.

ಮೆಂಟರಿಂಗ್ (ಹಿರಿಯರ ಜೊತೆ ಬಿಟ್ಟು ಅವರ ಗುಣ ಹುಡುಗರಿಗೆ ಅಂಟಿಸುವುದು) ಬಗ್ಗೆ ಒಂದೇ ಎಚ್ಚರಿಕೆ. ಗುಂಪಿಗೆ ಕನಿಷ್ಠ ಮೂರು ಜನ. ಗಾಳಿ ಬೀಸುವುದು ತಂಡದಲ್ಲಿ ವಜನು ಇರುವವನ ಕಡೆಯಿಂದ, ಅವನು ಒಳ್ಳೆಯವನೋ ಕೆಟ್ಟವನೋ ಆಟಕ್ಕೆ ಬೇಕಿಲ್ಲ. 29ರ ಒಬ್ಬ ಒಳ್ಳೆಯ ಸ್ಟ್ರೈಕರನ್ನು, ‘ಟೆಂಪರಮೆಂಟಲ್’ (ಮುಂಗೋಪಿ) ಎಂದು ಬರೆದದ್ದನ್ನು ಓದದೆ, ಇಬ್ಬರು ಹುಡುಗರ ಜೊತೆ ಹಾಕಿದೆ. ಆರು ತಿಂಗಳಲ್ಲಿ ಇಬ್ಬರೂ ಅವನ ಹಾದಿ ಹಿಡಿದರು. ಸರಿಪಡಿಸಲು ಒಂದೂವರೆ ಸೀಸನ್ ಹೋಯಿತು.

ಪಂದ್ಯದ ನಿಮಿಷಗಳ ವಿಷಯ ಎಲ್ಲರಿಗೂ ಗೊತ್ತು, ಆದರೂ ತಪ್ಪುತ್ತೇವೆ. 18 ದಾಟಿದ ಮೇಲೆ ಸೀಸನ್ನಿಗೆ 600 ನಿಮಿಷದೊಳಗೆ ಆಡಿದವರು ವರ್ಷಕ್ಕೆ ನಾಲ್ಕೈದು ಅಂಕ ಏರಿದರು, 1500 ದಾಟಿದವರು ಹನ್ನೆರಡರವರೆಗೆ. ನಾನು ಮಾಡಿದ ತಪ್ಪು, ದೊಡ್ಡ ಲೀಗಿನ ಕ್ಲಬ್ ಕೇಳಿತೆಂದು ಹಿಗ್ಗಿ ಹುಡುಗನೊಬ್ಬನನ್ನು ಲೋನ್ (ಎರವಲು) ಕೊಟ್ಟದ್ದು. ಹುಡುಗ ಅಲ್ಲಿ ಬೆಂಚ್ ಮೇಲೆ ಕೂತು ಬಂದ. ಈಗ ಲೋನ್ ಮಾತುಕತೆಯಲ್ಲೇ ಕಟ್ಟುತ್ತೇನೆ: ಆಡಿಸಿದರೆ ಸಂಬಳದಲ್ಲಿ ನೀವು ಕೊಡುವುದು ಸೊನ್ನೆ, ಆಡಿಸದಿದ್ದರೆ ಪೂರ್ತಿ ನಿಮ್ಮದು. ಜೊತೆಗೆ ವಾಪಸ್ ಕರೆಯುವ ಹಕ್ಕು. ಈ ಷರತ್ತಿಗೆ ಅರ್ಧ ಕ್ಲಬ್‌ಗಳು ಹಿಂದೆ ಸರಿಯುತ್ತವೆ. ಸರಿಯಲಿ, ಅವು ಆಡಿಸುವ ಕ್ಲಬ್‌ಗಳಲ್ಲ.

ಟ್ರೈನಿಂಗಿನಲ್ಲಿ ವಾರಕ್ಕೆ 21 ಸ್ಲಾಟ್ ಇವೆ ಎಂದು 21ನ್ನೂ ತುಂಬಬೇಡಿ. 19ರೊಳಗಿನವರಿಗೆಲ್ಲ ಡಬಲ್ ಇಂಟೆನ್ಸಿಟಿ ಹಾಕಿದ ಎರಡು ತಿಂಗಳಲ್ಲಿ ನಾಲ್ಕು ಸ್ನಾಯು ಸೆಳೆತ, ಒಂದು ಮೊಣಕಾಲಿನ ಲಿಗಮೆಂಟ್. ಆ ಮೊಣಕಾಲಿನವನ ಪೇಸ್ ಎರಡು ಅಂಕ ಬಿತ್ತು, ಮತ್ತೆ ಬರಲೇ ಇಲ್ಲ. ಅವನಿಗೆ ಬಂದಿದ್ದ 18 ಲಕ್ಷದ ಆಫರ್ ಕೂಡ ಮತ್ತೆ ಬರಲಿಲ್ಲ.

ಇನ್ನು ದುಡ್ಡು. ನನ್ನ ಒಂದು ಬ್ಯಾಚಿನ ಲೆಕ್ಕ ಹೀಗಿದೆ. ಹತ್ತು ಹುಡುಗರು, ಒಬ್ಬೊಬ್ಬ 50 ಸಾವಿರದಿಂದ ಒಂದೂವರೆ ಲಕ್ಷ ಪೌಂಡ್, ಒಟ್ಟು 9 ಲಕ್ಷ. ಎರಡು ಪೂರ್ತಿ ಹುಳುಕು. ಐದು ಜನ ಹಾಕಿದ್ದನ್ನು ತಂದರು, ಒಂದಿಷ್ಟು ಮೇಲೆ. ಇಬ್ಬರು 25 ಮತ್ತು 40 ಲಕ್ಷ. ಒಬ್ಬ ಒಂದು ಕೋಟಿ 10 ಲಕ್ಷ. ಸ್ಟಾರ್ ನೋಡಿ ಕೊಂಡಿದ್ದರೆ ಅದೇ 9 ಲಕ್ಷಕ್ಕೆ ಒಬ್ಬನೋ ಇಬ್ಬರೋ ಸಿಗುತ್ತಿದ್ದರು.

ಅತಿ ದೊಡ್ಡ ನಷ್ಟ ಆದದ್ದು ಮೈದಾನದಲ್ಲಲ್ಲ, ಕರಾರಿನಲ್ಲಿ. ದೊಡ್ಡ ಕ್ಲಬ್ಬೊಂದರ ಬಿ ತಂಡದಿಂದ ಹುಡುಗನೊಬ್ಬನನ್ನು ಅಗ್ಗಕ್ಕೆ ತಂದೆ. ಮರುಮಾರಾಟದ ಲಾಭದಲ್ಲಿ ಶೇಕಡಾ 40 ಅವರಿಗೆ ಎಂಬ ಷರತ್ತನ್ನು ಓದಿಯೂ ಒಪ್ಪಿದ್ದೆ. ಮಾರಿದಾಗ ಸುಮಾರು 30 ಲಕ್ಷ ಅವರ ಜೇಬಿಗೆ ಹೋಯಿತು. ಈಗ ಕೊಳ್ಳುವಾಗ 30–40 ಸಾವಿರ ಹೆಚ್ಚು ಕೊಟ್ಟಾದರೂ ಆ ಸಾಲು ಹೊಡೆಸಿಹಾಕುತ್ತೇನೆ, ಮಾರುವಾಗ ಅದೇ ಸಾಲನ್ನು ನನ್ನ ಪರವಾಗಿ ಶೇಕಡಾ 20–25 ಎಂದು ಬರೆಸುತ್ತೇನೆ. ‘ಇಷ್ಟು ಲೀಗ್ ಪಂದ್ಯ ಆಡಿದರೆ ಸಂಬಳ ಏರಿಕೆ’ ಎಂಬುದೂ ಅಂಥದ್ದೇ ಗೆದ್ದಲು. ಆಡಿಸಲೆಂದೇ ತಂದ ಹುಡುಗ ಡಿಸೆಂಬರಿಗೇ ಆ ಗಡಿ ದಾಟುತ್ತಾನೆ.

ಪಂದ್ಯದಿಂದ ಪಂದ್ಯಕ್ಕಿರುವ ಏರಿಳಿತವೂ ಹರವೇ, ಆದರೆ ಬೇರೆ ಜಾತಿಯದು. ಕನ್ಸಿಸ್ಟೆನ್ಸಿ (ಪ್ರತಿ ಪಂದ್ಯದಲ್ಲೂ ಒಂದೇ ಮಟ್ಟದಲ್ಲಿ ಆಡುವುದು) ಕಾಣದ ಗುಣ, ಆದರೆ ರೇಟಿಂಗ್ ಬರೆದಿಟ್ಟರೆ ಸಿಕ್ಕಿಬೀಳುತ್ತದೆ. ಹತ್ತು ಪಂದ್ಯ ಸಾಕು. ಒಬ್ಬನ ಸರಾಸರಿ 6.9, ಆದರೆ 5.9ರಿಂದ 8.6ರವರೆಗೆ ಜೋಕಾಲಿ. ಇನ್ನೊಬ್ಬನದು 6.8, ಎಂದೂ 6.5ಕ್ಕಿಂತ ಕೆಳಗಿಲ್ಲ. ಕೊಳ್ಳುವ ಕ್ಲಬ್‌ಗಳು ಸರಾಸರಿ ಮತ್ತು ಗೋಲು ನೋಡಿ ಬರುತ್ತವೆ, ಹಾಗಾಗಿ ಮಾರುವುದು ಜೋಕಾಲಿಯವನನ್ನು, ಇಟ್ಟುಕೊಳ್ಳುವುದು ಎರಡನೆಯವನನ್ನು.

ದಾರಿ ತಪ್ಪಿ ಬೇರೆ ಆಟಗಳಲ್ಲೂ ಇದನ್ನು ನೋಡಿದೆ. ಬ್ಯಾಸ್ಕೆಟ್‌ಬಾಲ್ ಜಿಎಂ ಬ್ರೌಸರಿನಲ್ಲೇ ಓಡುತ್ತದೆ, ಪುಕ್ಕಟೆ, ಅದರ ಕೋಡ್ ಯಾರು ಬೇಕಾದರೂ ಓದಬಹುದು. ಅಲ್ಲಿ ಬೆಳವಣಿಗೆ ವರ್ಷಕ್ಕೊಮ್ಮೆ, ಪ್ಲೇಆಫ್ ಮುಗಿದ ಮೇಲೆ ಒಂದೇ ಏಟಿಗೆ ಬರುತ್ತದೆ. ‘ಪಾಟ್’ (ಪೊಟೆನ್ಷಿಯಲ್) ಅನ್ನುವುದು ಹಂಡೆಯೂ ಅಲ್ಲ, ಬರೀ ಅಂದಾಜು. 23ರವರೆಗೆ ಯಾದೃಚ್ಛಿಕ ಏರಿಳಿತಕ್ಕೆ ಮೇಲೆ 20ರ ಮಿತಿ, ಕೆಳಗೆ ನಾಲ್ಕೇ. 25 ದಾಟಿದರೆ ಮೇಲೆ 4, ಕೆಳಗೆ 2. ಇದನ್ನು ಓದಿದ ದಿನ 15 ಜನರ ತಂಡದ ಬೆಂಚಿನ ಕೊನೆಯಲ್ಲಿದ್ದ ಹಿರಿಯರನ್ನೆಲ್ಲ ಬಿಟ್ಟು 19–20ರ ಹುಡುಗರನ್ನೇ ತುಂಬಿದೆ. ಕೆಳಗೆ ನಾಲ್ಕೇ ಬೀಳುವ ಲಾಟರಿಯಾದರೆ ಟಿಕೆಟ್ ಎಷ್ಟಿದ್ದರೂ ಸಾಲದು. ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್‌ನಲ್ಲಿ ಈ ಲಾಟರಿಗೆ ಒಂದು ತಿರುಗಣೆಯನ್ನೇ ಕೊಟ್ಟಿದ್ದಾರೆ: ಟ್ಯಾಲೆಂಟ್ ಚೇಂಜ್ ರಾಂಡಮ್‌ನೆಸ್, ಮೂಲದಲ್ಲಿ 100. ಅಲ್ಲಿ ಹಂಡೆಯೇ ಹಿಗ್ಗುತ್ತದೆ, ಕುಗ್ಗುತ್ತದೆ. ಎಫ್‌ಎಂ ಲೆಕ್ಕವನ್ನು ಅಲ್ಲಿಗೆ ಒಯ್ದರೆ ಕೈ ಸುಡುತ್ತದೆ.

ಹಳಬರು ಚೆರ್ನೊ ಸಾಂಬಾ ಹೆಸರು ತೆಗೆಯದೆ ಇರಲಾರರು. ಚಾಂಪಿಯನ್‌ಶಿಪ್ ಮ್ಯಾನೇಜರ್ 01/02 ಎಂಬ, ಎಫ್‌ಎಂಗೂ ಹಿಂದಿನ ಆಟದಲ್ಲಿ ಗೋಲು ಸುರಿಸಿದವನು ನಿಜದಲ್ಲಿ ಪ್ರೀಮಿಯರ್ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಆಟ ತೋರಿಸಿದ್ದು ಹರವಿನ ಮೇಲಿನ ತುದಿ, ಅಷ್ಟೇ.

ಸದ್ಯ ನಡೆಯುತ್ತಿರುವುದು ಕಾಲಿನ ಪ್ರಯೋಗ. ದುರ್ಬಲ ಕಾಲನ್ನು ಸುಧಾರಿಸಿದರೆ ಅದು ಸಿಎಯಲ್ಲೇ ಪಾಲು ತಿನ್ನುತ್ತದೆ. ಹಂಡೆ ತುಂಬಿದಂತೆ ಕಾಣುತ್ತದೆ, ವೇಗ ಮತ್ತು ಪಾಸಿಂಗ್ ಇದ್ದಲ್ಲೇ ಇರುತ್ತವೆ. ನಾಲ್ಕು ವಿಂಗರ್‌ಗಳ ಮೇಲೆ ಮಾಡಿದೆ. ಇಬ್ಬರ ಮಾರಾಟ ಬೆಲೆ ಏರಿತು, ಇಬ್ಬರದು ಕದಲಲಿಲ್ಲ. ನಾಲ್ಕಕ್ಕೆ ಏನೂ ಹೇಳಲಾಗದು. ಜೋಡಿ ಕಟ್ಟಿ ಇನ್ನೂ ಹದಿನಾರು ಜನರನ್ನು ಎಡಿಟರಿನಲ್ಲಿ ಮಾಡಿಟ್ಟಿದ್ದೇನೆ, ಈ ಸಲ ಒಂದು ಸೊನ್ನೆಯನ್ನೂ ಬಿಟ್ಟಿಲ್ಲ.