ಕತ್ತಲಾದ ಮೇಲಿನ ವಿಡಿಯೊದಲ್ಲಿ ಬಿಸಿಲು ಹೇಗೆ ಬಂತು?

2024ರ ಡಿಸೆಂಬರ್‌ನಲ್ಲಿ ಬಾಗಲಕೋಟೆಯಿಂದ ವಿಜಯಪುರಕ್ಕೆ ವಾಪಸ್ ಬರುತ್ತಿದ್ದೆ. ಕಬ್ಬಿನ ಸೀಸನ್. ಕೊಲ್ಹಾರ ಸೇತುವೆ ಹತ್ತಿರ ಎದುರಿನಿಂದ ಬಂದ ಟ್ರ್ಯಾಕ್ಟರ್‌ನ ಟ್ರೇಲರ್ ನನ್ನ ಕಾರಿನ ಬಲಗಡೆ ಕನ್ನಡಿಗೆ ಬಡಿಯಿತು. ಆಗ ಸಂಜೆ 6:40.

ಇಬ್ಬರೂ ಗಾಡಿ ನಿಲ್ಲಿಸಿದೆವು. "ನಾ ತಟ್ಟಿಲ್ರೀ ಅಣ್ಣಾರ, ನಿಮ್ಮ ಗಾಡೀನ ಈ ಕಡಿ ಬಂತು" ಅಂದ ಡ್ರೈವರ್. ವಾದ ಬೆಳೆಸಲಿಲ್ಲ. ಅವನ ಮಾಲೀಕರ ನಂಬರ್ ತೆಗೆದುಕೊಂಡೆ. ಗಾಡಿ ಓಡುವಾಗ ರಸ್ತೆಯ ವಿಡಿಯೊ ತೆಗೆಯುವ ಡ್ಯಾಶ್‌ಕ್ಯಾಮ್‌ನಿಂದ ಮೆಮೊರಿ ಕಾರ್ಡ್ ಅಲ್ಲೇ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಹಿಂದೆ ಮುಂದೆ ಎರಡು ಕ್ಯಾಮೆರಾ ಇರುವುದರಿಂದ ನನ್ನ 64 ಜಿಬಿ ಕಾರ್ಡ್ ಸುಮಾರು ಐದು ಗಂಟೆಗೇ ತುಂಬುತ್ತದೆ. ಆಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ.

ಮನೆಗೆ ಬಂದು ಮೊದಲು ಇವೆಂಟ್ ಫೋಲ್ಡರ್ ತೆರೆದೆ. ಗಾಡಿ ಜೋರಾಗಿ ಕುಲುಕಿದರೆ ಆ ವಿಡಿಯೊ ಅಳಿಸಿಹೋಗದಂತೆ ಲಾಕ್ ಆಗಿ ಅಲ್ಲಿಗೆ ಹೋಗುತ್ತದೆ. ಅಲ್ಲಿದ್ದದ್ದೆಲ್ಲ ಹಂಪ್ ಹಾರಿಸಿದ್ದು, ಗುಂಡಿಗೆ ಇಳಿಸಿದ್ದು. ಕನ್ನಡಿಗೆ ಬಿದ್ದ ಪೆಟ್ಟಿನಲ್ಲಿ ಕಾರು ಅಷ್ಟು ಅಲುಗಿರಲಿಲ್ಲ, ಹಾಗಾಗಿ ಅದು ನಾರ್ಮಲ್ ಫೋಲ್ಡರ್‌ನಲ್ಲೇ ಇರಬೇಕಿತ್ತು.

ಅಲ್ಲಿ ನೂರಾರು ಫೈಲ್. ಹೆಸರು ಹೀಗಿರುತ್ತದೆ: 20241212_183912_ಎಫ್. ಮೊದಲ ಎಂಟು ಅಂಕಿ ವರ್ಷ, ತಿಂಗಳು, ದಿನ. ಮುಂದಿನ ಆರು ಗಂಟೆ, ನಿಮಿಷ, ಸೆಕೆಂಡ್. ಕೊನೆಗೆ ಎಫ್ ಇದ್ದರೆ ಮುಂದಿನ ಕ್ಯಾಮೆರಾ, ಆರ್ ಇದ್ದರೆ ಹಿಂದಿನದು. ಹೆಸರಿನಲ್ಲಿರುವುದು ವಿಡಿಯೊ ಶುರುವಾದ ಹೊತ್ತು. ನನ್ನದರಲ್ಲಿ ಒಂದೊಂದು ಫೈಲ್ ಮೂರು ನಿಮಿಷ. ಹಾಗಾಗಿ 6:40ರ ಘಟನೆಗೆ 1840 ಅಂತಲೇ ಹುಡುಕಬಾರದು, ಅದಕ್ಕಿಂತ ಸ್ವಲ್ಪ ಮೊದಲು ಶುರುವಾದ ಫೈಲ್ ತೆರೆಯಬೇಕು. ಎಲ್ಲ ಕಂಪನಿಯ ಕ್ಯಾಮೆರಾದ ಫೈಲ್ ಹೆಸರೂ ಒಂದೇ ಥರ ಇರಲ್ಲ. ಬ್ಲ್ಯಾಕ್‌ವ್ಯೂನಲ್ಲಿ ಎನ್ ಅಂದರೆ ನಾರ್ಮಲ್, ಇ ಅಂದರೆ ಇವೆಂಟ್, ಪಿ ಅಂದರೆ ಪಾರ್ಕಿಂಗ್.

ಆ 183912 ತೆರೆದೆ. ಬಾಗಲಕೋಟೆ ನವನಗರದ ರಸ್ತೆ, ಗಾಜಿನ ಮೇಲೆ ಬಿಸಿಲು! ಡಿಸೆಂಬರ್‌ನಲ್ಲಿ 6:40ಕ್ಕೆ ಎಲ್ಲಿಯ ಬಿಸಿಲು? ಆಗ ಹೊಳೆಯಿತು. ಕ್ಯಾಮೆರಾದ ಟೈಮ್ ಝೋನ್ ಚೀನಾದ್ದು, ಗ್ರೀನ್‌ವಿಚ್ ಸಮಯಕ್ಕೆ +8 ಗಂಟೆ. ನಮ್ಮದು +5:30. ಅಂದರೆ ಕ್ಯಾಮೆರಾ ಎರಡೂವರೆ ಗಂಟೆ ಮುಂದೆ. 6:40ಕ್ಕೆ ಅಷ್ಟು ಕೂಡಿಸಿದರೆ ರಾತ್ರಿ 9:10. 210912 ತೆರೆದೆ, ಸಿಕ್ಕಿತು. ನನ್ನ ಕಾರು ಬಿಳಿ ಗೆರೆಯ ಒಳಗೇ ಇದೆ. ಟ್ರೇಲರ್‌ನಿಂದ ಕಬ್ಬು ಹೊರಗೆ ಚಾಚಿಕೊಂಡು, ರಿಫ್ಲೆಕ್ಟರ್ ಒಂದೂ ಇಲ್ಲದೆ, ಗೆರೆ ದಾಟಿ ಬರುತ್ತಿದೆ. ಅದೇ ಹೊತ್ತಿನ ಆರ್ ಫೈಲ್‌ನಲ್ಲಿ ಅದು ಹಾದುಹೋಗಿದ್ದು ಕೂಡ ಇದೆ.

ಮಾಲೀಕರಿಗೆ ವಾಟ್ಸಾಪ್‌ನಲ್ಲಿ ಸುಮ್ನೆ ವಿಡಿಯೊ ಅಂತ ಕಳಿಸಿದೆ, ಅದು ತಪ್ಪಾಯಿತು. ಚಿತ್ರ ಮಸುಕಾಯಿತು, ಹೆಸರೂ ಬದಲಾಯಿತು. "ಇದು ಅವತ್ತಿಂದ ಅಂತ ಹೆಂಗ್ ನಂಬೂದ್ರೀ?" ಅಂದರು ಅವರು. ಕೇಳಿದ್ದು ಸರಿ ಅಲ್ವಾ? ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದೆ. ಎರಡೂವರೆ ಗಂಟೆಯ ಲೆಕ್ಕ ಬಿಡಿಸಿ ಹೇಳಿದೆ. ನವನಗರದ ಬಿಸಿಲಿನ ಫೈಲನ್ನೂ ಜೊತೆಗೆ ಹಾಕಿದೆ. ಮರುದಿನ ಅವರೇ ಫೋನ್ ಮಾಡಿ, ಕನ್ನಡಿಗೆ ಎಷ್ಟಾಯಿತು ಅಂತ ಕೇಳಿದರು.